ರೊಟ್ಟಿ ಬಡಿಯುವಾಗ ಮಾಡಿದ ಪ್ರಾರ್ಥನೆ ಪ್ರಾರ್ಥನೆ ಅಲ್ವಾ?

ಪ್ರಶ್ನೆ: ನನಗೆ 39 ವರ್ಷ. ಹುಬ್ಬಳ್ಳಿಯ ಕೇಶ್ವಾಪುರದಲ್ಲಿ ಇದ್ದೇವೆ. ನಮ್ಮದು ಹಳೆಯ ಬಾಸೆಲ್ ಮಿಷನ್ ಮನೆತನ, ಈಗ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆ. ಧಾರವಾಡದಲ್ಲಿ ನೌಕರಿ, ದಿನಾ ಚಿಗರಿ ಬಸ್ಸಿನಲ್ಲಿ ಓಡಾಟ. ಮನೆಯವರಿಗೆ ಶಿಫ್ಟ್ ಡ್ಯೂಟಿ. ಇಬ್ಬರು ಮಕ್ಕಳು. ಅತ್ತೆಗೆ ಲಕ್ವ ಹೊಡೆದು ಎರಡು ವರ್ಷ, ಹಾಸಿಗೆಯಲ್ಲೇ ಇದ್ದಾರೆ. ಭಾನುವಾರದ ಆರಾಧನೆಯಲ್ಲಿ ಹಾಡುವಾಗ ಕಣ್ಣು ತುಂಬುತ್ತದೆ. ಸೋಮವಾರದಿಂದ ಏನೂ ಇಲ್ಲ, ಮನಸ್ಸು ಒಣಗಿದ ಹಾಗೆ. ಎಂಟು ತಿಂಗಳ ಹಿಂದೆ ಅಪ್ಪ ತೀರಿಕೊಂಡರು. ಆಗಿನಿಂದ ಇದು ಜಾಸ್ತಿ ಆಗಿದೆ. ನಮ್ಮ ಪ್ರಾರ್ಥನಾ ಕೂಟದಲ್ಲಿ ಬೆಳಿಗ್ಗೆ 5ಕ್ಕೆ ಎದ್ದು ಒಂದು ತಾಸು ಪ್ರಾರ್ಥಿಸಬೇಕು, ವಾರಕ್ಕೊಮ್ಮೆ ಉಪವಾಸ ಇರಬೇಕು ಅನ್ನುತ್ತಾರೆ. ನನಗೆ ಆಗುತ್ತಿಲ್ಲ. ನನಗೆ ಶುಗರ್ ಮಾತ್ರೆ ಬೇರೆ ಇದೆ. ರೊಟ್ಟಿ ಬಡಿಯುವಾಗ, ಬಸ್ಸಿನಲ್ಲಿ ಸಣ್ಣ ಸಣ್ಣದಾಗಿ ಪ್ರಾರ್ಥಿಸುತ್ತೇನೆ ಅಂದೆ. 'ಅದು ಪ್ರಾರ್ಥನೆ ಅಲ್ಲ, ಮನಸ್ಸಿನಲ್ಲಿ ಗುಪ್ತ ಪಾಪ ಇದ್ದರೆ ಹೀಗೆ ಒಣಗುತ್ತದೆ' ಅಂದರು. ಅವತ್ತಿನಿಂದ ನಿದ್ದೆ ಸರಿ ಇಲ್ಲ. ಗೆಳತಿ ಬೇರೆ ಸಭೆಗೆ ಕರೆಯುತ್ತಿದ್ದಾಳೆ. ಅಲ್ಲಿ ಆರಾಧನೆ ಜೋರಾಗಿ, ಚೆನ್ನಾಗಿ ಇರುತ್ತದಂತೆ. ನಾನು ಏನು ಮಾಡಲಿ?

ಉತ್ತರ:

ತಂಗಿ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಪ್ರಶ್ನೆಗಳು ನಾಲ್ಕೈದು ಇವೆ. ಒಳಗಿರುವ ಭಯ ಮಾತ್ರ ಒಂದೇ: 'ಭಾನುವಾರ ಬಿಟ್ಟರೆ ನನ್ನ ಬದುಕಿನಲ್ಲಿ ದೇವರೇ ಇಲ್ಲವೇನೋ.' 27 ವರ್ಷ ಬೆಟಗೇರಿ, ಹಾವೇರಿ ಕಡೆ, ಹುಬ್ಬಳ್ಳಿ ಅಂತ ಸಭಾಪಾಲಕನಾಗಿ ಕೆಲಸ ಮಾಡಿದ್ದೇನೆ. ಈ ಭಯವನ್ನು ನನ್ನ ಮುಂದೆ ಹೇಳಿಕೊಂಡು ಅತ್ತವರು ತುಂಬಾ ಜನ. ದೇವರನ್ನು ನಿಜವಾಗಿ ಬಿಟ್ಟವರು ಯಾರೂ ಹೀಗೆ ಬಂದು ಅತ್ತಿಲ್ಲ. ಅವರಿಗೆ ಈ ಕೊರತೆ ಗೊತ್ತೇ ಆಗುವುದಿಲ್ಲ.

ಮೊದಲು ಆ ಗುಪ್ತ ಪಾಪದ ಮಾತು. ನಿಮ್ಮ ನಿದ್ದೆ ಕೆಡಿಸಿದ್ದು ಅದೇ ಅಲ್ವಾ? ತಪ್ಪು ಮಾಡಿ ಮುಚ್ಚಿಟ್ಟುಕೊಂಡರೆ ಪ್ರಾರ್ಥನೆ ಭಾರವಾಗುತ್ತದೆ, ಅದು ನಿಜ. ಸತ್ಯವೇದದ (ಬೈಬಲಿನ) 32ನೇ ಕೀರ್ತನೆ ಅದನ್ನೇ ಹೇಳುತ್ತದೆ. ಆದರೆ ಅಂಥ ಪಾಪ ಯಾವುದು ಅಂತ ಮಾಡಿದವರಿಗೆ ಗೊತ್ತಿರುತ್ತದೆ. ಹುಡುಕಿ ಹುಡುಕಿ ಸಿಗದೆ, 'ಏನೋ ಇರಬೇಕು' ಅಂತ ರಾತ್ರಿಯೆಲ್ಲಾ ಹೊರಳಾಡುವುದು ಪಶ್ಚಾತ್ತಾಪ ಆಗುವುದಿಲ್ಲ. ಅದು ಬರೀ ಹೆದರಿಕೆ. ಸತ್ಯವೇದದಲ್ಲಿ ಕಷ್ಟದ ಮೇಲೆ ಕಷ್ಟ ಕಂಡ ಯೋಬನ ಗೆಳೆಯರೂ ಅವನಿಗೆ ಇದೇ ಮಾತು ಹೇಳಿದರು. ಕೊನೆಗೆ ದೇವರು ಸಿಟ್ಟಾಗಿದ್ದು ಆ ಗೆಳೆಯರ ಮೇಲೆ.

ಕಲ್ಕತ್ತದ ಮದರ್ ತೆರೇಸಾ ಅವರ ಖಾಸಗಿ ಪತ್ರಗಳು 2007ರಲ್ಲಿ ಹೊರಬಂದವು. ದೇವರು ಹತ್ತಿರ ಇದ್ದಾನೆ ಅನ್ನುವ ಅನುಭವವೇ ಇಲ್ಲದೆ ಅವರು ಹತ್ತಾರು ವರ್ಷ ಬದುಕಿದ್ದರು ಅಂತ ಆಗ ಜಗತ್ತಿಗೆ ತಿಳಿಯಿತು. ಅಷ್ಟೂ ವರ್ಷ ದಿನಾ ಪ್ರಾರ್ಥನೆ ಮಾಡಿದರು, ದಿನಾ ರೋಗಿಗಳನ್ನು ಎತ್ತಿಕೊಂಡರು. ಒಣಗಿದ ಮನಸ್ಸು ಪಾಪದ ಗುರುತು ಅನ್ನುವುದಾದರೆ ಅವರಿಗೆ ಏನು ಹೇಳೋಣ? 150 ಕೀರ್ತನೆಗಳಲ್ಲಿ ಎಷ್ಟೊಂದು ಗೋಳಿನ ಹಾಡುಗಳಿವೆ ನೋಡಿ. 13ನೇ ಕೀರ್ತನೆ ಮೊದಲ ಎರಡೇ ವಚನದಲ್ಲಿ 'ಎಷ್ಟರವರೆಗೆ' ಅಂತ ನಾಲ್ಕು ಸಲ ಕೇಳುತ್ತದೆ. 88ನೆಯದು ಕತ್ತಲಲ್ಲಿ ಶುರುವಾಗಿ ಕತ್ತಲಲ್ಲೇ ಮುಗಿಯುತ್ತದೆ. ಅದನ್ನೂ ಆರಾಧನೆಯ ಹಾಡು ಅಂತಲೇ ಸತ್ಯವೇದದಲ್ಲಿ ಇಟ್ಟಿದ್ದಾರೆ.

ನಿಮ್ಮ ಪತ್ರದಲ್ಲಿ ಅಪ್ಪನ ಸಾವು ಒಂದೇ ಸಾಲಿನಲ್ಲಿ ಬಂದು ಹೋಯಿತು. ನನಗೆ ಕಣ್ಣಿಗೆ ಬಿದ್ದದ್ದು ಆ ಸಾಲೇ. ಎಂಟು ತಿಂಗಳು ಏನೂ ಅಲ್ಲ. ಮನೆಯಲ್ಲಿ ಅಳಲು ನಿಮಗೆ ಜಾಗ ಎಲ್ಲಿದೆ? ಅತ್ತೆಯ ಮುಂದೆ ಅಳುವ ಹಾಗಿಲ್ಲ, ಮಕ್ಕಳ ಮುಂದೆ ಅಳುವ ಹಾಗಿಲ್ಲ. ಭಾನುವಾರ ಹಾಡುವಾಗ ಕಣ್ಣು ತುಂಬುವುದರಲ್ಲಿ ಆ ಅಳುವೂ ಸೇರಿದೆ ಅಂತ ನನಗೆ ಅನಿಸುತ್ತದೆ. ಅದರಲ್ಲಿ ತಪ್ಪೇನಿಲ್ಲ. ಅಳಲಿಕ್ಕೆ ದೇವಾಲಯಕ್ಕಿಂತ ಒಳ್ಳೆಯ ಜಾಗ ಯಾವುದಿದೆ? ಆದರೆ ಆ ಒಂದು ತಾಸಿನ ಭಾವನೆಯನ್ನು ಅಳತೆಗೋಲು ಮಾಡಿಕೊಂಡು ಉಳಿದ ಆರು ದಿನ ಅಳೆಯಬೇಡಿ. ಉಕ್ಕಿ ಬಂದ ಭಾವನೆ ಇಳಿಯಲೇಬೇಕು. ಇಳಿದ ಮೇಲೂ ಮುಖವನ್ನು ದೇವರ ಕಡೆ ತಿರುಗಿಸುತ್ತೀರಲ್ಲ, ಭಕ್ತಿ ಅನ್ನುವುದು ಅಲ್ಲಿದೆ.

ಇನ್ನೊಂದು ಕಾರಣ ಬರೀ ದಣಿವು. ಎಲೀಯ ಪ್ರವಾದಿ ಜಾಲಿ ಗಿಡದ ಕೆಳಗೆ ಕೂತು 'ಸಾಕು, ನನ್ನ ಪ್ರಾಣ ತೆಗೆದುಕೋ' ಅಂದನಲ್ಲ, ಆಗ ದೇವರು ಅವನಿಗೆ ಬೋಧನೆ ಮಾಡಲಿಲ್ಲ. ಮಲಗಲು ಬಿಟ್ಟ. ಎಬ್ಬಿಸಿ ರೊಟ್ಟಿ, ನೀರು ಕೊಟ್ಟ. ಮತ್ತೆ ಮಲಗಲು ಬಿಟ್ಟ, ಮತ್ತೆ ಉಣ್ಣಿಸಿದ. ಬೆಟ್ಟ, ಗಾಳಿ, ದೇವರು ಮಾತಾಡಿದ ಆ ಸಣ್ಣ ದನಿ ಎಲ್ಲಾ ಬಂದದ್ದು ಆಮೇಲೆ. ಇದನ್ನು ಮರೆತು ದಣಿದವರ ಮೇಲೆ ಇನ್ನೊಂದು ತಾಸಿನ ಭಾರ ಹೊರಿಸುವುದು ನನಗೆ ಬಹಳ ನೋವು ಕೊಡುತ್ತದೆ.

ಇಲ್ಲೇ ಒಂದು ಎಚ್ಚರಿಕೆ ಹೇಳುತ್ತೇನೆ. ಎರಡು ವಾರಕ್ಕೂ ಮೀರಿ ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ, ಮಕ್ಕಳ ಜೊತೆಯೂ ಮನಸ್ಸು ನಿಲ್ಲುತ್ತಿಲ್ಲ, ಬದುಕೇ ಬೇಡ ಅನಿಸುತ್ತಿದೆ ಅಂತಾದರೆ ಅದನ್ನು ಆತ್ಮಿಕ ಒಣಗು ಅಂತ ಕರೆದು ಸುಮ್ನೆ ಕೂರಬೇಡಿ. ವೈದ್ಯರ ಹತ್ತಿರ ಹೋಗಿ. ನೀವು ದಿನಾ ಧಾರವಾಡಕ್ಕೆ ಹೋಗುತ್ತೀರಿ, ಮನಸ್ಸಿನ ಕಾಯಿಲೆಗಳ ಸರ್ಕಾರಿ ಆಸ್ಪತ್ರೆ ಡಿಮ್ಹಾನ್ಸ್ ಅಲ್ಲೇ ಇದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಫೋನ್ ಮಾಡಿದರೆ ದುಡ್ಡಿಲ್ಲದೆ ಕನ್ನಡದಲ್ಲೇ ಮಾತಾಡುತ್ತಾರೆ. ನನ್ನ ಬಳಿ ಬಂದ ಹಲವರನ್ನು ನಾನೇ ವೈದ್ಯರಿಗೆ ಕಳಿಸಿದ್ದೇನೆ. ಮಾತ್ರೆ ತೆಗೆದುಕೊಂಡರೆ ವಿಶ್ವಾಸ ಕಡಿಮೆ ಆಯಿತು ಅಂತ ಅರ್ಥ ಅಲ್ಲ. ನೀವು ಶುಗರ್‌ಗೆ ತೆಗೆದುಕೊಳ್ಳುತ್ತಿಲ್ವಾ?

ಈಗ ಬೆಳಿಗ್ಗೆ 5 ಗಂಟೆಯ ವಿಷಯ. ಯೇಸು ಇನ್ನೂ ಕತ್ತಲಿರುವಾಗ ಎದ್ದು ಪ್ರಾರ್ಥನೆಗೆ ಹೋದನು ಅಂತ ಮಾರ್ಕನು ಬರೆದಿದ್ದಾನೆ. ಕೂಟದವರು ಹಿಡಿದಿರುವುದು ಆ ವಚನವನ್ನೇ ಇರಬೇಕು. ಆದರೆ ದಾನಿಯೇಲ ದಿನಕ್ಕೆ ಮೂರು ಸಲ ಪ್ರಾರ್ಥಿಸಿದ. ಪೇತ್ರ ಯೋಹಾನರು ದೇವಾಲಯಕ್ಕೆ ಹೋದದ್ದು ಮಧ್ಯಾಹ್ನ ಮೂರಕ್ಕೆ. ಪೌಲ ಸೀಲರು ಸೆರೆಮನೆಯಲ್ಲಿ ನಡುರಾತ್ರಿ ಹಾಡಿದರು. 63ನೇ ಕೀರ್ತನೆಯವನು ಹಾಸಿಗೆಯ ಮೇಲೆ ದೇವರನ್ನು ನೆನೆದ. ಸತ್ಯವೇದ ಯಾವ ಒಂದು ಹೊತ್ತನ್ನೂ ಕಾನೂನು ಮಾಡಿಲ್ಲ. ಮುಂಜಾನೆಯ ಹೊತ್ತು ಒಳ್ಳೆಯದೇ. ಕೆಲವರಿಗೆ ಅದರಿಂದ ಇಡೀ ದಿನ ನಿಲ್ಲುತ್ತದೆ. ಬೇಗ ಮಲಗುವವರಿಗೆ, ಮಕ್ಕಳು ದೊಡ್ಡವರಾದವರಿಗೆ ನಾನೇ ಹಾಗೆ ಮಾಡಿ ಅನ್ನುತ್ತೇನೆ. ನೀವು ಅತ್ತೆಯ ಪಕ್ಕ ಬದಲಿಸಲು ರಾತ್ರಿ ಎದ್ದೇಳುವವರು. ಗಂಡನ ಶಿಫ್ಟ್ ನೋಡಿಕೊಂಡು ಅಡುಗೆ ಮಾಡುವವರು. ಕೆಲಸ ಶುರು ಮಾಡಿದ ಹೊಸದರಲ್ಲಿ ನಾನೂ ಒಂದು ವರ್ಷ ಹಟ ಹಿಡಿದು 4ಕ್ಕೆ ಏಳುತ್ತಿದ್ದೆ. ಎರಡು ತಿಂಗಳಾಗುವಷ್ಟರಲ್ಲಿ ಮನೆಯಲ್ಲಿ ಎಲ್ಲರ ಮೇಲೆ ಸಿಡುಕುತ್ತಿದ್ದೆ. ಪ್ರಾರ್ಥನೆ ಮುಗಿಸಿ ಎದ್ದು ಬಂದು ಹೆಂಡತಿಯ ಮನಸ್ಸು ನೋಯಿಸಿದ ದಿನಗಳು ಇವತ್ತಿಗೂ ನೆನಪಿವೆ. ನಿದ್ದೆಯನ್ನು ಬಲಿ ಕೊಟ್ಟು ಪ್ರಾರ್ಥಿಸಿ, ಆ ಬಲಿಯ ಬೆಲೆಯನ್ನು ಮನೆಯವರ ಕೈಯಲ್ಲಿ ಕಟ್ಟಿಸಬಾರದು.

ಉಪವಾಸದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಶುಗರ್ ಮಾತ್ರೆ ನುಂಗುವವರು ಊಟ ಬಿಟ್ಟರೆ ಸಕ್ಕರೆ ಇಳಿದು ಕೈ ನಡುಗಿ, ಬೆವೆತು, ತಲೆ ಸುತ್ತಿ ಬೀಳಬಹುದು. ನಿಮ್ಮ ವೈದ್ಯರನ್ನು ಕೇಳದೆ ಮಾಡಬೇಡಿ. ಮಾಡಲೇಬೇಕು ಅನಿಸಿದರೆ ಒಂದು ದಿನ ಫೋನ್ ನೋಡುವುದನ್ನು ಬಿಡಿ.

ಇನ್ನು ರೊಟ್ಟಿ ಬಡಿಯುವಾಗಿನ ಪ್ರಾರ್ಥನೆ. ಮುಳುಗುತ್ತಿದ್ದ ಪೇತ್ರ 'ಕರ್ತನೇ, ನನ್ನನ್ನು ಕಾಪಾಡು' ಅಂದ. ಅದಕ್ಕಿಂತ ಉದ್ದ ಹೇಳಲು ಅವನಿಗೆ ಹೊತ್ತೆಲ್ಲಿತ್ತು? ಯೇಸು ತಕ್ಷಣ ಕೈ ಚಾಚಿದ. ಯೇಸು ಹೇಳಿದ ಕಥೆಯಲ್ಲಿ ಸುಂಕದವನು ಎದೆ ಬಡಿದುಕೊಂಡು ಹೇಳಿದ್ದೂ ಒಂದೇ ವಾಕ್ಯ. ಉದ್ದ ಪ್ರಾರ್ಥನೆ ಮಾಡಿದ ಧರ್ಮನಿಷ್ಠ ಫರಿಸಾಯನಿಗಿಂತ ಅವನೇ ನೀತಿವಂತನಾಗಿ ಮನೆಗೆ ಹೋದನು ಅಂತ ಯೇಸುವೇ ಹೇಳಿದ್ದಾನೆ. ಪೂರ್ವದ ಸಭೆಗಳ ಸನ್ಯಾಸಿಗಳು 'ಕರ್ತನಾದ ಯೇಸು ಕ್ರಿಸ್ತನೇ, ದೇವಕುಮಾರನೇ, ನನ್ನನ್ನು ಕರುಣಿಸು' ಅನ್ನುವ ಒಂದೇ ಮಾತನ್ನು ಉಸಿರಿನ ಜೊತೆ ಸೇರಿಸಿ ನೂರಾರು ವರ್ಷಗಳಿಂದ ಪ್ರಾರ್ಥಿಸುತ್ತಾ ಬಂದಿದ್ದಾರೆ. 17ನೇ ಶತಮಾನದಲ್ಲಿ ಪ್ಯಾರಿಸ್ಸಿನ ಒಂದು ಮಠದಲ್ಲಿ ಲಾರೆನ್ಸ್ ಅನ್ನುವ ಸಹೋದರ ಇದ್ದರು. ಅವರ ಕೆಲಸ ಅಡುಗೆ ಮನೆಯಲ್ಲಿ. ಪಾತ್ರೆಗಳ ಸದ್ದಿನ ನಡುವೆಯೂ, ಮೊಣಕಾಲೂರಿದಾಗ ಇರುವಷ್ಟೇ ದೇವರ ಹತ್ತಿರ ಇರುತ್ತೇನೆ ಅಂತ ಅವರು ಹೇಳುತ್ತಿದ್ದರು. ಅದು ಅವರಿಗೂ ಒಂದೇ ದಿನಕ್ಕೆ ಬರಲಿಲ್ಲ. ಮನಸ್ಸು ಓಡುತ್ತಿತ್ತು, ಅವರು ಅದನ್ನು ವಾಪಸ್ ಕರೆಯುತ್ತಿದ್ದರು. ವರ್ಷಗಟ್ಟಲೆ ಇಷ್ಟೇ ಮಾಡಿದರು.

'ಒಂದೇ ಮಾತು ತಿರುಗಿಸಿ ಹೇಳಬಾರದು, ಯೇಸು ಬೇಡ ಅಂದಿದ್ದಾನೆ' ಅಂತ ಯಾರಾದರೂ ಅಂದಾರು. ಯೇಸು ಬೇಡ ಅಂದದ್ದು ಮಾತು ಹೆಚ್ಚಿದರೆ ದೇವರು ಕೇಳುತ್ತಾನೆ ಅನ್ನುವ ಲೆಕ್ಕಾಚಾರವನ್ನು. ಗೆತ್ಸೇಮನೆ ತೋಟದಲ್ಲಿ ಆತನೇ ಮೂರನೆಯ ಸಲ ಅದೇ ಮಾತು ಹೇಳಿ ಪ್ರಾರ್ಥಿಸಿದ. 136ನೇ ಕೀರ್ತನೆ 26 ವಚನದಲ್ಲಿ 26 ಸಲ ದೇವರ ಕೃಪೆ ಶಾಶ್ವತ ಅನ್ನುತ್ತದೆ. ಹಾಗಾಗಿ ಅಪಾಯ ಇರುವುದು ತಿರುಗಿ ಹೇಳುವುದರಲ್ಲಿ ಅಲ್ಲ. 'ನೂರು ಸಲ ಹೇಳಿದೆ, ಈಗ ಕೆಲಸ ಆಗಲೇಬೇಕು' ಅಂತ ಎಣಿಸಲು ಶುರು ಮಾಡಿದರೆ ಆಗ ಅದು ತಾಯತ ಆಗುತ್ತದೆ. ನೀವು ಎಣಿಸುವುದು ಬೇಡ.

ಮಾರ್ಥ-ಮರಿಯರ ಕಥೆಯನ್ನೂ ನಿಮ್ಮ ಮುಂದೆ ಹಿಡಿದಿರಬಹುದು: ಯೇಸು ಮನೆಗೆ ಬಂದಾಗ ಮಾರ್ಥ ಕೆಲಸದಲ್ಲಿ ಓಡಾಡಿದಳು, ತಂಗಿ ಮರಿಯ ಆತನ ಪಾದದ ಬಳಿ ಕೂತು ಕೇಳಿದಳು. ಅಡುಗೆ ಮಾಡುವ ಹೆಂಗಸರಿಗೆ ಈ ಕಥೆಯಿಂದ ಎಷ್ಟು ಏಟು ಬಿದ್ದಿದೆಯೋ! ಯೇಸು ಮಾರ್ಥಳಿಗೆ 'ಅನೇಕ ವಿಷಯಗಳ ಚಿಂತೆಯಲ್ಲಿ ತಳಮಳಗೊಂಡಿದ್ದೀ' ಅಂದನೇ ಹೊರತು ಅಡುಗೆ ಮಾಡಬೇಡ ಅನ್ನಲಿಲ್ಲ. ಮುಂದೆ ಅವರ ಸಹೋದರ ಲಾಜರನು ಸತ್ತಾಗ ಊರಾಚೆ ಓಡಿ ಬಂದು 'ನೀನೇ ಕ್ರಿಸ್ತನು, ದೇವಕುಮಾರನು' ಅಂತ ಅರಿಕೆ ಮಾಡಿದವಳು ಇದೇ ಮಾರ್ಥ. ಹೀಬ್ರೂ ಭಾಷೆಯಲ್ಲಿ 'ಅವೋದಾ' ಅನ್ನುವ ಒಂದೇ ಪದ ಹೊಲದ ದುಡಿಮೆಗೂ ಬಳಕೆಯಾಗುತ್ತದೆ, ಆರಾಧನೆಯ ಗುಡಾರದಲ್ಲಿ ದೇವರಿಗೆ ಮಾಡುವ ಸೇವೆಗೂ ಬಳಕೆಯಾಗುತ್ತದೆ. ನಮ್ಮ ಕನ್ನಡದ 'ಸೇವೆ'ಯೂ ಹಾಗೇ ಅಲ್ವಾ? ಅತ್ತೆಯ ಸೇವೆ, ದೇವರ ಸೇವೆ. ರೋಮಾಪುರದವರಿಗೆ ಬರೆಯುವಾಗ ಪೌಲನು ಆರಾಧನೆ ಅಂದದ್ದು ನಮ್ಮ ದೇಹಗಳನ್ನೇ ಸಜೀವ ಯಜ್ಞವಾಗಿ ಒಪ್ಪಿಸುವುದಕ್ಕೆ. ಅತ್ತೆಯನ್ನು ಎತ್ತಿ ಕೂರಿಸುವ ನಿಮ್ಮ ಸೊಂಟ, ರೊಟ್ಟಿ ತಟ್ಟುವ ಕೈ, ಅವೂ ಆ ಮಾತಿನ ಒಳಗೆ ಬರುತ್ತವೆ.

ಹಾಗಂತ 'ಕೆಲಸವೇ ಪ್ರಾರ್ಥನೆ, ಬೇರೆ ಏನೂ ಬೇಡ' ಅಂತ ನಾನು ಹೇಳುವುದಿಲ್ಲ. ಇದನ್ನು ತುಂಬಾ ಜನ ಹೇಳುತ್ತಾರೆ. ನಾನು ಕಂಡ ಹಾಗೆ, ಬೇರೆಯಾಗಿ ಐದು ನಿಮಿಷವೂ ದೇವರಿಗೆ ಕೊಡದವರ ಕೆಲಸ ಕೊನೆಗೆ ಬರೀ ಕೆಲಸವಾಗಿ ಉಳಿಯುತ್ತದೆ. ಕೋಣೆಗೆ ಹೋಗಿ ಬಾಗಿಲು ಮುಚ್ಚಿಕೋ ಅಂತ ಯೇಸು ಹೇಳಿದ್ದಾನೆ. ಬಾಗಿಲು ಮುಚ್ಚುವ ಕೋಣೆ ನಿಮ್ಮ ಮನೆಯಲ್ಲಿ ಇಲ್ಲದಿರಬಹುದು. ನಿಮಗೆ ಚಿಗರಿ ಬಸ್ಸಿದೆ. ಕಿಟಕಿ ಪಕ್ಕ ಸೀಟು ಸಿಕ್ಕಿ ಕಣ್ಣು ಮುಚ್ಚಿದರೆ ಉಣಕಲ್ ದಾಟಿ ನವಲೂರು ಬರುವವರೆಗೆ ಯಾರೂ ಕರೆಯುವುದಿಲ್ಲ.

ನಾನು ಹೇಳುವ ದಾರಿ ಇದು. ಭಾನುವಾರದ ಆರಾಧನೆ ನಿಮಗೆ ಇನ್ನೂ ಜೀವಂತ ಇದೆ. ಅದರ ಕ್ರಮ ನಿಮಗೆ ಬಾಯಿಪಾಠ ಇದೆ: ಸ್ತೋತ್ರ, ಪಾಪದ ಅರಿಕೆ, ವಾಕ್ಯ, ಬೇರೆಯವರಿಗಾಗಿ ಬೇಡಿಕೆ, ಕಾಣಿಕೆ, ಆಶೀರ್ವಾದ. ಅದನ್ನೇ ಬಿಡಿಸಿ ದಿನದ ಉದ್ದಕ್ಕೂ ಹಂಚಿ. ಒಂದು ತಾಸು ಒಟ್ಟಿಗೆ ಹುಡುಕಬೇಡಿ. ಮುಂಜಾನೆ ಚಹಾಕ್ಕೆ ನೀರಿಟ್ಟಾಗ ಒಂದು ಸ್ತೋತ್ರ, ಅಷ್ಟೇ. 'ಈ ದಿನಕ್ಕಾಗಿ ಸ್ತೋತ್ರ' ಅಂದರೂ ಸಾಕು. ರೊಟ್ಟಿ ಬಡಿಯುವಾಗ ಬೇಡಿಕೆ: ಒಂದೊಂದು ರೊಟ್ಟಿ ಒಬ್ಬೊಬ್ಬರ ಹೆಸರಲ್ಲಿ. ಗಂಡನದು, ಮಕ್ಕಳದು, ಪಕ್ಕದ ಮನೆಯವರದು, ನಿಮಗೆ ನೋವು ಮಾಡಿದ ಆ ಕೂಟದವರದೂ ಒಂದು. ಬಸ್ಸಿನಲ್ಲಿ ವಾಕ್ಯ. ಕಚೇರಿಯಲ್ಲಿ ಬೇಜಾರಾದ ಹೊತ್ತಿನಲ್ಲಿ ಅದನ್ನೇ ಕಾಣಿಕೆ ಅಂತ ಒಪ್ಪಿಸಿ. ರಾತ್ರಿ ದೀಪ ಆರಿಸುವ ಮುಂಚೆ ಅರಿಕೆ, ಆಮೇಲೆ ಮಕ್ಕಳ ತಲೆಯ ಮೇಲೆ ಕೈ ಇಟ್ಟು ಆಶೀರ್ವಾದ. ಎಲ್ಲವನ್ನೂ ನಾಳೆಯೇ ಶುರು ಮಾಡಬೇಡಿ. ಈಗಾಗಲೇ ನಡೆಯುತ್ತಿರುವುದು ರೊಟ್ಟಿಯದು. ಅದನ್ನು ಇಟ್ಟುಕೊಂಡು ಇನ್ನೊಂದು ಸೇರಿಸಿ, ಒಂದು ತಿಂಗಳು ನೋಡಿ. ನೀರು ಬಿಡುವ ದಿನ ಎಲ್ಲಾ ತಲೆಕೆಳಗಾಗುತ್ತದೆ, ನನಗೆ ಗೊತ್ತು. ಅವತ್ತು ಕರ್ತನ ಪ್ರಾರ್ಥನೆ ಒಂದೇ ಸಾಕು.

ವಾಕ್ಯದ ಬಗ್ಗೆ ಸ್ವಲ್ಪ. ವಾಟ್ಸಾಪಿನಲ್ಲಿ ಬೆಳಿಗ್ಗೆ ಹತ್ತು ವಚನ ಬರುತ್ತವೆ. ಹೂವಿನ ಚಿತ್ರ ನೋಡಿ ಕೈ ಮುಗಿಯುವ ಗುರುತು ಒತ್ತಿದರೆ ಓದಿದ ಹಾಗೆ ಅನಿಸುತ್ತದೆ. ಸಂಜೆ ಕೇಳಿದರೆ ಒಂದೂ ನೆನಪಿರುವುದಿಲ್ಲ. ಜರ್ಮನಿಯ ಹೆರ್ನ್‌ಹುಟ್ ಊರಿನ ಮೊರಾವಿಯನ್ ಸಹೋದರರು ಅನ್ನುವ ಕ್ರೈಸ್ತ ಪಂಗಡದವರು 1731ರಿಂದ ದಿನಕ್ಕೊಂದು ವಚನ ಅಚ್ಚು ಹಾಕುತ್ತಾ ಬಂದಿದ್ದಾರೆ. ಇಡೀ ದಿನ ಅದನ್ನೇ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು ಅನ್ನುವುದು ಉದ್ದೇಶ. ನೀವೂ ಹಾಗೇ ಒಂದನ್ನು ಹಿಡಿಯಿರಿ, ಚೀಟಿಯಲ್ಲಿ ಬರೆದು ಪರ್ಸಿನಲ್ಲಿ ಇಡಿ. ವರ್ಷಕ್ಕೆ ಸತ್ಯವೇದ ಮುಗಿಸುವ ಯೋಜನೆ ಇದೆ: ದಿನಾ 3 ಅಧ್ಯಾಯ, ಭಾನುವಾರ 5. ಒಳ್ಳೆಯದೇ, ಆದರೆ ಈ ವರ್ಷ ನಿಮಗೆ ಬೇಡ. ಹಿಂದೆ ಬಿದ್ದ ಅಧ್ಯಾಯಗಳ ಲೆಕ್ಕವೇ ಇನ್ನೊಂದು ಭಾರ ಆಗುತ್ತದೆ.

ಈ ಹಂಚುವಿಕೆಗೂ ಅಪಾಯ ಇದೆ. ಆರು ತಿಂಗಳಲ್ಲಿ ಅದು ಯಂತ್ರದಂತೆ ಆಗಬಹುದು, ಬಾಯಿ ಹೇಳುತ್ತದೆ, ಮನಸ್ಸು ಎಲ್ಲೋ ಇರುತ್ತದೆ. 1535ರಲ್ಲಿ ಜರ್ಮನಿಯ ಸಭಾ ಸುಧಾರಕ ಮಾರ್ಟಿನ್ ಲೂಥರ್ ತನ್ನ ಕ್ಷೌರಿಕ ಪೀಟರ್‌ಗೆ ಪ್ರಾರ್ಥನೆಯ ಬಗ್ಗೆ ಬರೆದುಕೊಟ್ಟರು. ಪೀಟರ್ ಕೇಳಿದ್ದೂ ನಿಮ್ಮಂಥದೇ ಪ್ರಶ್ನೆ. ಒಳ್ಳೆಯ ಕ್ಷೌರಿಕ ಕತ್ತಿ ಹಿಡಿದಾಗ ಮನಸ್ಸನ್ನು ಕತ್ತಿಯ ಮೇಲೆ ಇಡಬೇಕು, ಇಲ್ಲದಿದ್ದರೆ ಮೂಗು ಹೋದೀತು, ಪ್ರಾರ್ಥನೆಯಲ್ಲೂ ಹಾಗೇ ಅಂದರು. ಅದಕ್ಕಿಂತ ನನಗೆ ಹಿಡಿಸಿದ್ದು ಅವರು ಶುರುವಿನಲ್ಲೇ ಒಪ್ಪಿಕೊಂಡದ್ದು: ಕೆಲಸದ ನಡುವೆ ತಾವೂ ಪ್ರಾರ್ಥನೆಯಲ್ಲಿ ತಣ್ಣಗಾಗುತ್ತೇವೆ, ಆಗ ಕೀರ್ತನೆಗಳ ಪುಸ್ತಕ ಹಿಡಿದು ಕೋಣೆಗೆ ಹೋಗಿ ಮಗುವಿನಂತೆ ಬಾಯಿಬಿಟ್ಟು ಓದುತ್ತೇವೆ ಅಂತ. ಸ್ವಂತ ಮಾತು ಬರದಿದ್ದಾಗ ಬೇರೆಯವರ ಮಾತು ಸಾಲ ತೆಗೆದುಕೊಳ್ಳಬಹುದು. ನನ್ನ ತಂದೆ ತೀರಿಕೊಂಡ ವರ್ಷ ನನಗೆ ಸ್ವಂತ ಪ್ರಾರ್ಥನೆ ಬರಲೇ ಇಲ್ಲ. ಆರಾಧನಾ ಪುಸ್ತಕದಲ್ಲಿ ಇದ್ದದ್ದನ್ನೇ ಓದಿದೆ. ಆ ಮಾತುಗಳು ನನ್ನನ್ನು ಹೊತ್ತುಕೊಂಡು ಹೋದವು.

ರಾತ್ರಿಯ ಅರಿಕೆ ನಿಮಗೆ ಈಗ ಸೂಕ್ಷ್ಮ ಜಾಗ. ದಿನವನ್ನು ತಿರುಗಿ ನೋಡುವಾಗ ಮೊದಲು ಮೂರು ಉಪಕಾರ ನೆನೆಯಿರಿ, ಆಮೇಲೆ ಒಂದೇ ತಪ್ಪು. ಹುಡುಕಬೇಡಿ, ತಾನಾಗಿ ನೆನಪಿಗೆ ಬಂದದ್ದು ಮಾತ್ರ. ಹೆದರಿಕೆ ಹೆಚ್ಚಾದರೆ ಅರಿಕೆಯನ್ನು ಭಾನುವಾರಕ್ಕೇ ಬಿಡಿ.

ಗೆಳತಿಯ ಸಭೆಗೆ ಹೋಗಬೇಕೋ ಬೇಡವೋ ಅಂತ ಕೇಳಿದ್ದೀರಿ. ಹೋಗಿ ಒಂದು ಭಾನುವಾರ ಹಾಡಿ ಬಂದರೆ ಪಾಪ ಏನಿಲ್ಲ. ಅಲ್ಲೂ ಪ್ರಾಮಾಣಿಕವಾಗಿ ದೇವರನ್ನು ಹುಡುಕುವ ಜನ ಇದ್ದಾರೆ. ಆದರೆ ನಿಮ್ಮ ಕೊರತೆ ಇರುವುದು ಸೋಮವಾರದಿಂದ ಶನಿವಾರದವರೆಗೆ. ಭಾನುವಾರವನ್ನು ಬದಲಿಸಿದರೆ ಅದು ತುಂಬುತ್ತದಾ? ಅತ್ತೆಗೆ ಲಕ್ವ ಹೊಡೆದಾಗ, ಅಪ್ಪ ಹೋದಾಗ ಮನೆಗೆ ಬಂದವರು ಯಾರು, ಅದನ್ನೂ ಯೋಚಿಸಿ. ದುಃಖದ ನಡುವೆ ದೊಡ್ಡ ತೀರ್ಮಾನ ಬೇಡ. ಒಂದು ವರ್ಷ ತಡೆಯಿರಿ.

ಇನ್ನೊಂದು ವಿಷಯ ನಿಮಗೆ ತಿಳಿದಿರಲಿ. ಭಾನುವಾರದ ಹಾಜರಿ ಮಾತ್ರ ಸಾಲದು, ವಾರವಿಡೀ ಮನೆಯಲ್ಲಿ, ಮನಸ್ಸಿನಲ್ಲಿ ಭಕ್ತಿ ಇರಬೇಕು ಅಂತ ಜರ್ಮನಿಯಲ್ಲಿ 17ನೇ ಶತಮಾನದ ಕೊನೆಯಲ್ಲಿ ಒಂದು ಎಚ್ಚರ ಹುಟ್ಟಿತು. ಜನ ಮನೆಗಳಲ್ಲಿ ಸಣ್ಣ ಗುಂಪಾಗಿ ಕೂತು ವಾಕ್ಯ ಓದಲು ಶುರು ಮಾಡಿದರು. 1815ರಲ್ಲಿ ಬಾಸೆಲ್ ಮಿಷನ್ ಕಟ್ಟಿದವರು ಆ ಎಚ್ಚರದಲ್ಲೇ ಬೆಳೆದವರು. ಆ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು, 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ಬೆಟಗೇರಿಗೆ. ಅಂದರೆ ನಿಮ್ಮನ್ನು ಕಾಡುತ್ತಿರುವ ಪ್ರಶ್ನೆಯೇ ನಿಮ್ಮ ಸಭೆಯನ್ನು ಈ ಸೀಮೆಗೆ ತಂದದ್ದು. ಬೆಟಗೇರಿಯಲ್ಲಿ ನಾನಿದ್ದಾಗ ಒಬ್ಬ ಮುದುಕ ನೇಕಾರರಿದ್ದರು. ಲಾಳಿ ಆ ಕಡೆ ಹೋಗುವಾಗ 'ಯೇಸುವೇ', ಈ ಕಡೆ ಬರುವಾಗ 'ಕರುಣಿಸು' ಅನ್ನುತ್ತಿದ್ದರು. ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಸೀರೆ ಮುಗಿಯುವಷ್ಟರಲ್ಲಿ ಎಷ್ಟು ಸಲ ಆಗುತ್ತದೆ ಅಂತ ಕೇಳಿದ್ದಕ್ಕೆ ನಕ್ಕು, ಲೆಕ್ಕ ಸೀರೆಗೆ ಮಾತ್ರ ಅಂದರು.

ಕೂಟದವರ ಜೊತೆ ಜಗಳ ಬೇಡ. 'ನನಗೆ ಈಗ ಇಷ್ಟು ಆಗುತ್ತದೆ, ನನಗಾಗಿ ಪ್ರಾರ್ಥಿಸಿ' ಅಂತ ಹೇಳಿ ಸುಮ್ಮನಿರಿ. ಆ ಪಾಪದ ಮಾತು ಮತ್ತೆ ಎತ್ತಿದರೆ ನಿಮ್ಮ ಸಭಾಪಾಲಕರಿಗೆ ತಿಳಿಸಿ.

ಕೊನೆಗೆ ನಿಮ್ಮ ಅತ್ತೆ. ಎರಡು ವರ್ಷದಿಂದ ಅವರಿಗೂ ಭಾನುವಾರ ಇಲ್ಲ, ಅಲ್ವಾ? ಇವತ್ತು ಸಂಜೆ ಅವರ ಹಾಸಿಗೆ ಪಕ್ಕ ಕೂತು, ಯಾವ ಕೀರ್ತನೆ ಬಾಯಿಪಾಠ ಇದೆ ಅಂತ ಕೇಳಿ. ಆ ತಲೆಮಾರಿನವರಿಗೆ ಒಂದಾದರೂ ಇದ್ದೇ ಇರುತ್ತದೆ. ಲಕ್ವದಿಂದ ಮಾತು ಹೋದವರೂ ಚಿಕ್ಕಂದಿನಲ್ಲಿ ಕಲಿತ ಹಾಡನ್ನು ಜೊತೆಗೆ ಗುನುಗುವುದನ್ನು ನಾನು ಕಂಡಿದ್ದೇನೆ. ನೀವು ಸಾಲು ಓದಿ ನಿಲ್ಲಿಸಿ, ಮುಂದಿನ ಸಾಲನ್ನು ಅವರಿಗೆ ಬಿಡಿ.